ಜಾಡಿಯೊಳಗಿನ ಎಡಗಾಲು

"ಇದು ನನ್ನ ಕಾಲಲ್ಲ!"

ನಾನು ಹಾಗೆ ಕೂಗಿದ್ದೇ ತಡ, ಮ್ಯೂಸಿಯಂ ಕೋಣೆಯಲ್ಲಿದ್ದವರೆಲ್ಲ ಬಗ್ಗಿ ನನ್ನ ಚಪ್ಪಲಿ ನೋಡಿದರು. ಪ್ರಾಂಶುಪಾಲರಂತೂ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಅಯ್ಯೋ, ಇದಲ್ಲ ಸರ್, ಅದು!" ಎಂದು ಕಪಾಟಿನಲ್ಲಿದ್ದ ಗಾಜಿನ ಜಾಡಿಯತ್ತ ಕೈ ಮಾಡಿದೆ. "ಯಾರೋ ನನ್ನ ಕಾಲು ಕದ್ದು, ಬೇರೆ ಕಾಲು ಇಟ್ಟು ಹೋಗಿದಾರೆ."

"ಸರಿಯಾಗಿ ನೋಡಿ ಹೇಳಿ ಮೇಡಂ," ಎಂದ ಇನ್‌ಸ್ಪೆಕ್ಟರ್. "ಎಲ್ಲಾ ಕಾಲೂ ಒಂದೇ ಥರ ಇರುತ್ವೆ."

ಈ ಇನ್‌ಸ್ಪೆಕ್ಟರ್ ನನ್ನ ಒಡಹುಟ್ಟಿದ ತಮ್ಮ. ಯೂನಿಫಾರ್ಮ್ ಹಾಕಿದಾಗ ನನ್ನನ್ನು ಮೇಡಂ ಅನ್ನುತ್ತಾನೆ, ಬಿಚ್ಚಿದಾಗ ಅಕ್ಕ ಅನ್ನುತ್ತಾನೆ. ಅದು ಅವನೇ ಮಾಡಿಕೊಂಡ ಕಾನೂನು.

"ಎಲ್ಲಾ ಕಾಲೂ ಒಂದೇ ಥರಾನಾ? ಇದೇ ಕಾಲೇಜಲ್ಲಿ ಒಂದು ವರ್ಷ ಮೆಡಿಕಲ್ ಓದಿದವನು ಆಡೋ ಮಾತೇನೋ ಇದು?"

"ಆ ಒಂದು ವರ್ಷಕ್ಕೇ ಹೆಣ ಕೆಡದ ಹಾಗೆ ಹಾಕೋ ಫಾರ್ಮಾಲಿನ್ ವಾಸನೆ ತಡೀಲಾರದೆ ಕಾಲಿಗೆ ಬುದ್ಧಿ ಹೇಳಿದವನು ನಾನು," ಎಂದು ಅವನು ನಕ್ಕ. ಆದರೂ ಮೂಗಿಗೆ ಕರ್ಚೀಫು ಹಿಡಿದಿರಲಿಲ್ಲ, ಅದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಹೋದ ತಿಂಗಳು ಒಬ್ಬ ದರ್ಜಿ ಹೆಂಗಸು ಕಾಲೇಜಿನ ಪ್ರದರ್ಶನಕ್ಕೆ ಬಂದು, ತಾನು ಕೂಸಾಗಿದ್ದಾಗ ಕಾಣೆಯಾದ ಅಪ್ಪನ ಕಾಲು ಇದೇ ಎಂದು ಜಾಡಿ ಹಿಡಿದು ಅತ್ತಾಗಿನಿಂದ ನಮ್ಮ ಅಂಗರಚನಾ ವಿಭಾಗಕ್ಕೆ ನೆಮ್ಮದಿ ಇರಲಿಲ್ಲ. ಅವಳ ಅಪ್ಪ ಏಣಿಯಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದನಂತೆ. ಮೂಳೆ ಸೊಟ್ಟಗೆ ಕೂಡಿತ್ತಂತೆ. ಮಂಡಿಯಿಂದ ಒಂದು ಗೇಣು ಕೆಳಗೆ, ಹೊರಬದಿಗೆ. ಅವಳ ಅಮ್ಮ ದಿನಾ ಅಲ್ಲಿಗೆ ಎಣ್ಣೆ ತಿಕ್ಕುತ್ತಿದ್ದಳಂತೆ.

ಇವತ್ತು ಬೆಳಿಗ್ಗೆ ಆ ಮೂಳೆಯ ಒಂದು ಚೂರು ಕೆತ್ತಿ ಡಿಎನ್‌ಎ ಪರೀಕ್ಷೆಗೆ ಕಳಿಸಬೇಕಿತ್ತು. ಬಾಗಿಲು ತೆಗೆದ ನನ್ನ ಶಿಷ್ಯೆ, ಜಾಡಿಯ ಮುಚ್ಚಳದ ಸುತ್ತ ಕಪ್ಪು ಅಂಟು ಹೊಸದಾಗಿ ಮೆತ್ತಿದ್ದನ್ನು ನೋಡಿ ನನ್ನನ್ನು ಕೂಗಿದಳು. ಪ್ರಾಂಶುಪಾಲರು ಪೊಲೀಸರಿಗೆ ಫೋನು ಮಾಡಿದರು. ಪೊಲೀಸು ಅಂದರೆ ನನ್ನ ತಮ್ಮನೇ ಬಂದ.

ಆ ಕಾಲಿನ ವಿಷಯ ಹೇಳಿಬಿಡುತ್ತೇನೆ. ಹೇಳುವಾಗ ನನ್ನ ಎದೆ ಉಬ್ಬಿದರೆ ಉಬ್ಬಲಿ, ಅದರಲ್ಲಿ ನನಗೆ ನಾಚಿಕೆಯಿಲ್ಲ.

ನಾನು ಈ ವಿಭಾಗದಲ್ಲಿ ಮುಂದಿನ ಓದಿಗೆ ಸೇರಿದಾಗ ಹೆಂಗಸರಿಗೆ ಚಾಕು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು. ನನಗೆ ಸಿಕ್ಕಿದ್ದು ವಾರಸುದಾರರಿಲ್ಲದ ಯಾವುದೋ ಹೆಣದ ಎಡಗಾಲು, ಮಂಡಿಯ ಮೇಲಿನಿಂದ ಕತ್ತರಿಸಿದ್ದು. ಮುಖ ನೋಡಿದವಳಲ್ಲ, ಹೆಸರು ಕೇಳಿದವಳಲ್ಲ. ಆ ಕಾಲನ್ನು ನಾನು ಬಿಡಿಸಿದ ರೀತಿಗೆ ಹೊರಗಿನಿಂದ ಬಂದ ಪರೀಕ್ಷಕರು ಎದ್ದು ನಿಂತುಬಿಟ್ಟರು. ಮೀನಖಂಡದ ಎರಡು ಪದರ, ಅವುಗಳ ಅಡಿಯಲ್ಲಿ ಇಳಿಯುವ ನರ, ಅದರ ಜೊತೆಗೇ ಸಾಗುವ ರಕ್ತನಾಳ, ಒಳಹರಡಿನ, ಅಂದರೆ ಪಾದದ ಒಳಗಂಟಿನ ಹಿಂದೆ ತಿರುಗಿ ಅಂಗಾಲಿನಲ್ಲಿ ಕವಲೊಡೆಯುವ ಎಳೆಗಳು, ಒಂದಕ್ಕೂ ಗೀರು ಬಿದ್ದಿರಲಿಲ್ಲ. ನರಕ್ಕೆ ಹಳದಿ, ಶುದ್ಧರಕ್ತದ ನಾಳಕ್ಕೆ ಕೆಂಪು, ಅಶುದ್ಧರಕ್ತದ ನಾಳಕ್ಕೆ ನೀಲಿ ಬಳಿದು ಜಾಡಿಗಿಟ್ಟರು. ಅಂದಿನಿಂದ ಈ ಕಾಲೇಜಿನಲ್ಲಿ ಡಾಕ್ಟರಾದವರೆಲ್ಲ ಆ ಕಾಲನ್ನು ನೋಡಿ ಕಲಿತವರೇ. ಹುಡುಗರು ನನಗಿಟ್ಟ ಹೆಸರು ಹಿಮ್ಮಡಿ ಮೇಡಂ. ನನ್ನ ಬೆನ್ನ ಹಿಂದೆ ಹಾಗೆ ಕರೆದಾಗ ನಾನು ಕಿವುಡಿಯಂತೆ ನಟಿಸಿ ಒಳಗೊಳಗೇ ಹಿಗ್ಗುತ್ತೇನೆ.

ಆ ಕಾಲಿಗೆ ಇನ್ನೊಂದು ವಿಶೇಷವಿತ್ತು. ಮಂಡಿಯ ಹಿಂದೆ ಪ್ಲಾಂಟಾರಿಸ್ ಎಂಬ ಬೆರಳುದ್ದದ ಸ್ನಾಯು ಇರುತ್ತದೆ. ಅದರ ಬಾಲ ಮಾತ್ರ ಬಿಳಿ ದಾರದಂತೆ ತೆಳ್ಳಗೆ, ಉದ್ದಕ್ಕೆ, ಮೀನಖಂಡದ ನಡುವೆ ಇಳಿದು ಹಿಮ್ಮಡಿ ಮುಟ್ಟುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ. ನನ್ನ ಜಾಡಿಯ ಕಾಲಿಗೂ ಇರಲಿಲ್ಲ. ಒಮ್ಮೆ ಮಂಡಿ ನೋವಿಗೆ ಸ್ಕ್ಯಾನ್ ಮಾಡಿಸಿದಾಗ ನನ್ನ ಎಡಗಾಲಿನಲ್ಲೂ ಅದು ಇಲ್ಲ ಎಂದು ಗೊತ್ತಾಯಿತು. "ನೋಡ್ರೋ, ನಾನೂ ಈ ಜಾಡಿಯೋನೂ ಒಂದೇ ಮನೆತನ," ಎಂದು ತರಗತಿಯಲ್ಲಿ ಎಷ್ಟೋ ಸಲ ನಗಿಸಿದ್ದೇನೆ.

"ಬೇರೆ ಕಾಲು ಅಂತ ಹ್ಯಾಗೆ ಹೇಳ್ತೀರಿ ಮೇಡಂ?" ಪ್ರಾಂಶುಪಾಲರು ಕೇಳಿದರು. ಅವರು ಕಣ್ಣಿನ ಡಾಕ್ಟರು. ಕಾಲೇಜಿನ ಮರ್ಯಾದೆ ಅಂದರೆ ಅವರಿಗೆ ಮಗಳ ಮದುವೆಗಿಂತ ಹೆಚ್ಚು.

"ಸೊಟ್ಟ ಎಲ್ಲಿದೆ ಸರ್? ಹೊರಬದಿಯ ಸಣ್ಣ ಮೂಳೆ ನೋಡಿ, ಅಳತೆಗೋಲು ಇದ್ದ ಹಾಗಿದೆ. ನನ್ನದು ಮುರಿದು ಕೂಡಿದ್ದ ಮೂಳೆ. ಬಣ್ಣವೇನೋ ತದ್ರೂಪು ಹಚ್ಚಿದಾರೆ, ಮೂಳೆ ಬಗ್ಗಿಸೋಕೆ ಆಗುತ್ತಾ?"

ನಾನು ಜಾಡಿಯ ಹತ್ತಿರ ಹೋದೆ. ಒಳಗಿನ ಕೆಲಸ ನೋಡಿದೆ. ನೋಡುತ್ತಾ ನೋಡುತ್ತಾ ಕೋಪ ಇಳಿದು ಬೇರೇನೋ ಏರಿತು. ಎಷ್ಟು ಚೊಕ್ಕ ಬಿಡಿಸಿದಾರೆ! ನರದ ಹೊದಿಕೆಯನ್ನು ಒಂದೇ ಎಳೆತಕ್ಕೆ ಸುಲಿದ ಕೈ. ಹರಡಿನ ಒಳಬದಿಯಲ್ಲಿ ಚಾಕು ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದ ಜಾಗ. ಆ ಅಭ್ಯಾಸ ಕಲಿಸಿದವಳು ನಾನೇ.

"ಇದು ನಮ್ಮ ಗುಬ್ಬಿ ಬಿಡಿಸಿದ ಕಾಲು!" ಎಂದು ಹೆಮ್ಮೆಯಿಂದ ಜೋರಾಗಿಯೇ ಹೇಳಿಬಿಟ್ಟೆ. "ನೋಡಿ ಸರ್, ಈ ಕೈ ಇಡೀ ಕಾಲೇಜಿನಲ್ಲಿ ಇನ್ನೊಬ್ಬರಿಗಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಗುಬ್ಬಿ ಎಂದರೆ ನನ್ನ ಶಿಷ್ಯೆ, ಬಾಗಿಲು ತೆಗೆದವಳು. ಆಳು ಪುಟ್ಟದು, ಮೇಜು ಎಟುಕದೆ ಮಣೆ ಹಾಕಿಕೊಂಡು ನಿಲ್ಲುತ್ತಾಳೆ, ಅದಕ್ಕೇ ಆ ಹೆಸರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯುವುದೂ, ಸಂಜೆ ಬೀಗ ಹಾಕುವುದೂ ಅವಳ ಪಾಲಿನ ಕೆಲಸ. ನಾನು ನಿವೃತ್ತಳಾದ ದಿನ ನನ್ನ ಕುರ್ಚಿಯಲ್ಲಿ ಕೂರಬೇಕಾದವಳು ಇವಳೇ ಎಂದು ಆಗಲೇ ಗೊತ್ತು ಮಾಡಿಟ್ಟಿದ್ದೇನೆ.

"ನಿಮ್ಮ ಬಾಯಿಂದಲೇ ಬಂತು," ಎಂದರು ಪ್ರಾಂಶುಪಾಲರು. "ಕಾಲು ಅವಳದು, ಬೀಗದಕೈ ಅವಳದು, ಬೀಗ ಒಡೆದಿಲ್ಲ. ಇನ್‌ಸ್ಪೆಕ್ಟ್ರೇ, ಇನ್ನೇನು ಬೇಕು?"

ಗುಬ್ಬಿಯ ಮುಖ ಬಿಳಿಚಿತು. ಆದರೂ ಅಳಲಿಲ್ಲ, ತಲೆ ತಗ್ಗಿಸಲಿಲ್ಲ. "ಕಾಲು ನಾನು ಬಿಡಿಸಿದ್ದೇ ಸರ್. ಮುಚ್ಚುಮರೆ ಏನಿಲ್ಲ. ಬಟ್ಟೆ ಸುತ್ತಿ ಪಕ್ಕದ ಡಿಸೆಕ್ಷನ್ ಹಾಲ್‌ನ ತೊಟ್ಟಿಯಲ್ಲಿ ಇಟ್ಟಿದ್ದೆ, ಬಣ್ಣ ಹಚ್ಚಿರಲಿಲ್ಲ. ಅಲ್ಲಿಂದ ಯಾರು ಎತ್ತಿದ್ರೋ ನಂಗೊತ್ತಿಲ್ಲ."

"ಯಾರು ಎತ್ತುತಾರಮ್ಮ? ಆ ಹಾಲ್‌ಗೂ ಮ್ಯೂಸಿಯಂಗೂ ಒಂದೇ ಬೀಗದಕೈ. ಆ ದರ್ಜಿ ಹೆಂಗಸಿನ ಹತ್ರ ಏನಾದ್ರೂ ಈಸ್ಕೊಂಡು ಕಾಲು ಕೊಟ್ಟುಬಿಟ್ಯಾ?"

"ಸರ್!" ಎಂದೆ ನಾನು. "ನಾಲಿಗೆ ಬಿಗಿ ಹಿಡೀರಿ."

"ಬೀಗದಕೈ ಎರಡಿವೆ," ಎಂದ ತಮ್ಮ ಮೆಲ್ಲಗೆ. "ಇವತ್ತೇ ಯಾರನ್ನೂ ಕರ್ಕೊಂಡು ಹೋಗೋ ಅವಸರ ಏನಿಲ್ಲ ಸರ್. ಒಂದು ಕಾಲು ಹೋಗಿದೆ, ಜೀವ ಏನೂ ಹೋಗಿಲ್ಲ. ನಾಲ್ಕು ದಿನ ವಿಚಾರಿಸೋಣ."

"ಎರಡನೇದು ನಮ್ಮನೆ ಅಡುಗೆಮನೆ ಬಾಗಿಲ ಮೊಳೆ ಮೇಲಿದೆ," ಎಂದೆ. "ನಂದು. ಅಲ್ಲಿಂದ ಅಲ್ಲಾಡಿಲ್ಲ. ನಮ್ಮನೆಗೆ ಬರೋನು ಅಂದ್ರೆ ನೀನೊಬ್ಬನೇ, ವಾರಕ್ಕೊಂದು ಸಲ ಊಟಕ್ಕೆ. ನಿನ್ನನ್ನೇ ಹಿಡ್ಕೊಂಡು ಹೋಗು ಮತ್ತೆ!"

ಎಲ್ಲರೂ ನಕ್ಕರು. ತಮ್ಮನೂ ನಕ್ಕ.

ಆದರೆ ಪ್ರಾಂಶುಪಾಲರು ಬಿಡಲಿಲ್ಲ. ಸಂಜೆಯೊಳಗೆ ಯಾರೂ ಸಿಗದಿದ್ದರೆ ಮೇಲಿನವರಿಗೆ ತಾವೇ ಫೋನು ಮಾಡುವುದಾಗಿ ಹೇಳಿದರು. ಇನ್‌ಸ್ಪೆಕ್ಟರ್ ಅಕ್ಕನ ಮುಲಾಜಿಗೆ ಬಿದ್ದಿದ್ದಾನೆ ಎಂದೂ ಸೇರಿಸಿದರು. ತಮ್ಮ ತುಟಿ ಕಚ್ಚಿದ. ಸೊಂಟದಿಂದ ಬೇಡಿ ತೆಗೆದು ಮೇಜಿನ ಮೇಲೆ ಇಟ್ಟ. ಅದು ಕಿಣಿ ಅಂದಾಗ ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು.

ಒಂದು ಸಲ ಆ ಬೇಡಿ ಆ ಪುಟ್ಟ ಕೈಗೆ ಬಿತ್ತೋ, ಮುಗಿಯಿತು. ನಾಳೆ ಬಿಟ್ಟು ಕಳಿಸಿದರೂ ಯಾವ ಕಾಲೇಜೂ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಆ ಕೈಗೆ ಇನ್ನು ಚಾಕು ಸಿಗುವುದಿಲ್ಲ. ಅಂಥ ಕೈಯನ್ನು ನಾನು ಮತ್ತೆ ಎಲ್ಲಿಂದ ತರಲಿ?

"ಅರ್ಧ ಗಂಟೆ ಕೊಡಿ," ಎಂದೆ. ಯಾರ ಉತ್ತರಕ್ಕೂ ಕಾಯದೆ ಕೈಗನ್ನಡಿ ಹಿಡಿದು ಜಾಡಿಯ ಮುಂದೆ ಸ್ಟೂಲು ಎಳೆದುಕೊಂಡೆ. ದೊಡ್ಡದು ಮಾಡಿ ತೋರಿಸುವ ಆ ಗಾಜಿನ ಬಿಲ್ಲೆಗೆ ನಾವು ಕರೆಯುವುದೇ ಕೈಗನ್ನಡಿ ಎಂದು.

ಮಂಡಿಯ ಹಿಂದಿನ ಗುಳಿಯಿಂದ ಶುರು ಮಾಡಿದೆ. ದೊಡ್ಡ ನರ, ಹಳದಿ, ಸರಿ. ಪಕ್ಕದಲ್ಲಿ ನೀಲಿ, ಒಳಗೆ ಕೆಂಪು, ಸರಿ. ಕವಲುಗಳು ನನ್ನ ಕಾಲಿನಲ್ಲಿ ಇದ್ದ ಹಾಗೆಯೇ. ಕಳ್ಳ ನನ್ನ ಕಾಲನ್ನು ಎದುರಿಗೆ ಇಟ್ಟುಕೊಂಡು ಎಳೆ ಎಳೆಯಾಗಿ ನಕಲು ಮಾಡಿದ್ದ. ಕುಂಚದ ಗೆರೆ ಎಲ್ಲೂ ನಡುಗಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ, ಅಷ್ಟು ಚೆನ್ನಾಗಿ ಬಳಿದಿದ್ದ.

ಇನ್ನೂ ಕೆಳಗೆ ಬಂದೆ. ಅಲ್ಲಿ ನನ್ನ ಕೈ ನಿಂತಿತು.

ಮೀನಖಂಡದ ಎರಡು ಪದರಗಳ ನಡುವೆ ಒಂದು ತೆಳ್ಳನೆಯ ದಾರ. ಗುಬ್ಬಿಯ ಕಾಲಿಗೆ ಪ್ಲಾಂಟಾರಿಸ್ ಇತ್ತು. ಅದರ ಬಾಲವನ್ನು ಅವಳು ಅಂದವಾಗಿ ಬಿಡಿಸಿ ಹಿಮ್ಮಡಿಯವರೆಗೂ ತಂದಿದ್ದಳು. ಆ ದಾರಕ್ಕೆ, ಮೇಲಿನಿಂದ ಕೆಳಗಿನವರೆಗೆ, ಹಳದಿ ಬಳಿದಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಈ ತಪ್ಪನ್ನು ನಾನು ಸಾವಿರ ಸಲ ನೋಡಿದ್ದೇನೆ. ಮೊದಲ ವರ್ಷದ ಹುಡುಗರು ಮೊಟ್ಟಮೊದಲ ಸಲ ಮೀನಖಂಡ ತೆರೆದಾಗ, ಬೆಳ್ಳಗೆ ಉದ್ದಗೆ ಹೊಳೆಯುವ ಆ ದಾರ ಕಂಡು "ನರ ಸಿಕ್ತು ಮೇಡಂ!" ಎಂದು ಕುಣಿದಾಡುತ್ತಾರೆ. ನಾನು ಬೆನ್ನಿಗೊಂದು ಗುದ್ದು ಕೊಟ್ಟು "ಬೆಪ್ಪೇ, ಅದು ಸ್ನಾಯುವಿನ ಬಾಲ. ನರ ಅದರಡಿಗೆ ಅವಿತು ಕೂತಿದೆ," ಎನ್ನುತ್ತೇನೆ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಆ ತಪ್ಪು ಯಾರಲ್ಲೂ ಉಳಿದಿರುವುದಿಲ್ಲ. ಉಳಿಯಲು ನಾನು ಬಿಡುವುದಿಲ್ಲ.

ಕಳ್ಳ ಎಲ್ಲವನ್ನೂ ನನ್ನ ಕಾಲು ನೋಡಿ ಬಳಿದ. ಈ ದಾರ ಮಾತ್ರ ನನ್ನ ಕಾಲಿನಲ್ಲಿ ಇರಲಿಲ್ಲ. ನಕಲು ಮಾಡಲು ಏನೂ ಸಿಗದೆ, ಈ ಒಂದು ಕಡೆ ಅವನು ತನ್ನ ತಲೆಯನ್ನೇ ನಂಬಬೇಕಾಯಿತು. ಅವನ ತಲೆ ಹೇಳಿದ್ದು, ನರ ಅಂತ.

ಅಂಗರಚನೆ ಪೂರ್ತಿ ಗೊತ್ತಿದ್ದವರು ಅದನ್ನು ಬಿಳಿಯಾಗಿಯೇ ಬಿಡುತ್ತಾರೆ. ಏನೂ ಗೊತ್ತಿಲ್ಲದವರು ಹೆದರಿ ಮುಟ್ಟದೆ ಬಿಡುತ್ತಾರೆ. ಹಳದಿ ಹಚ್ಚಬೇಕಾದರೆ ಅರ್ಧ ಕಲಿತಿರಬೇಕು. ಬೆಳ್ಳಗೆ ಉದ್ದಗೆ ಇರುವುದು ನರ ಎಂದು ಗೊತ್ತಿರಬೇಕು, ಸ್ನಾಯುವಿನ ಬಾಲವೂ ಹಾಗೇ ಇರುತ್ತದೆ ಎಂದು ಗೊತ್ತಿರಬಾರದು.

ನನ್ನ ಗುಬ್ಬಿ ಸತ್ತರೂ ಆ ದಾರಕ್ಕೆ ಹಳದಿ ಬಳಿಯಳು. ಎದ್ದು ನಿಂತೆ. ನನ್ನ ಬಿಳಿ ಕೋಟು ಬಿಚ್ಚಿ ಜಾಡಿಯ ಮೇಲೆ ಹೊದಿಸಿದೆ.

"ಕೇಳಿ ಎಲ್ರೂ," ಎಂದೆ. "ಈ ಜಾಡಿಯಲ್ಲಿ ಒಂದು ತಪ್ಪಿದೆ. ಮೂಳೆ ವಿಷಯ ಅಲ್ಲ, ಬೇರೆ. ಆ ತಪ್ಪು ಮಾಡಿದವರೇ ಕಳ್ಳರು. ಯಾರೇ ಆಗಿರ್ಲಿ, ಎಂಥ ದೊಡ್ಡ ಮನುಷ್ಯರೇ ಆಗಿರ್ಲಿ, ನಾನೇ ಮುಂದೆ ನಿಂತು ಈ ಬೇಡಿ ಹಾಕಿಸ್ತೀನಿ. ನನ್ನ ಹುಡುಗಿಯ ಮೇಲೆ ಕೈ ಇಡೋ ಮುಂಚೆ ಒಂದು ಪರೀಕ್ಷೆ ಮಾಡ್ತೀನಿ, ಬನ್ನಿ."

"ಅಷ್ಟು ಗಟ್ಟಿಯಾಗಿ ಮಾತು ಕೊಡ್ಬೇಡಿ ಮೇಡಂ," ಎಂದ ತಮ್ಮ.

"ಕೊಟ್ಟಾಯ್ತು. ನಡಿ."

ಪಕ್ಕದ ಹಾಲ್‌ಗೆ ಹೋದೆವು. ಉದ್ದನೆಯ ಕಲ್ಲುಮೇಜುಗಳು, ಮೇಲೆ ಎತ್ತರದ ಕಿಟಕಿಗಳಿಂದ ಬಿದ್ದ ಬಿಸಿಲು, ಮೂಲೆಯಲ್ಲಿ ತೊಟ್ಟಿ. ಹುಡುಗರು ಬಿಡಿಸಿದ್ದ ಒಂದು ಬಲಗಾಲನ್ನು ತೊಟ್ಟಿಯಿಂದ ನಾನೇ ಎತ್ತಿ ತಂದು ಮೇಜಿನ ಮೇಲೆ ಬೋರಲು ಮಲಗಿಸಿದೆ. ಅದರಲ್ಲೂ ಬಿಳಿ ದಾರ ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಕೆಂಪು, ನೀಲಿ, ಹಳದಿ, ಮೂರು ಡಬ್ಬಿ ತೆರೆದಿಟ್ಟೆ. ತಮ್ಮ ಬೇಡಿಯನ್ನೂ ತಂದು ಅಲ್ಲೇ ಇಟ್ಟ.

ಮೊದಲು ಕರೆದಿದ್ದು ನಮ್ಮ ವಿಭಾಗದ ಚಿತ್ರಕಾರರನ್ನು. ಜಾಡಿಗೆ ಹೋಗುವ ಪ್ರತಿಯೊಂದಕ್ಕೂ ಬಣ್ಣ ಹಚ್ಚುವವರು ಅವರೇ. ಹುಡುಗರ ಬಾಯಲ್ಲಿ ಬಣ್ಣದಯ್ಯ. ಇಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದವರು, ಈಗ ಸರದಿ ತನಗೇ ಬಂತಲ್ಲ ಎಂದು ಬೆವರೊರೆಸಿಕೊಂಡರು.

"ಈ ದಾರ ಇದೆಯಲ್ಲ, ಇದಕ್ಕೆ ಯಾವ ಬಣ್ಣ ಹಚ್ತೀರಿ?"

"ನೀವು ಹೇಳಿದ್ದು ಮೇಡಂ."

"ನಾನು ಹೇಳಲ್ಲ."

"ಹಾಗಾದ್ರೆ ಹಚ್ಚಲ್ಲ. ಹೋದ ಸಲ ಕೇಳದೆ ಒಂದು ಕಡೆ ನೀಲಿ ಹಚ್ಚಿದ್ದಕ್ಕೆ ನೀವು ನನ್ನ ಏಳು ತಲೆಮಾರು ಜಾಲಾಡಿದ್ರಿ. ಆವತ್ತಿನಿಂದ ನೀವು ಬಾಯಿ ಬಿಡೋವರೆಗೂ ನಾನು ಕುಂಚ ಅದ್ದೋದಿಲ್ಲ." ಅವರು ಕೈ ಮುಗಿದು ಹಿಂದೆ ಸರಿದರು. ನನಗೆ ನಗು ಬಂತು, ಆದರೂ ಮುಖ ಬಿಗಿ ಹಿಡಿದೆ.

"ಸರ್, ನೀವು?"

"ನಾನಾ?" ಪ್ರಾಂಶುಪಾಲರಿಗೆ ಸಿಟ್ಟು ಬಂತು. "ನನ್ನನ್ನೂ ಪರೀಕ್ಷೆ ಮಾಡ್ತೀರಾ?"

"ಯಾರೇ ಆಗಿರ್ಲಿ ಅಂದಿದ್ನಲ್ಲ."

ಅವರು ಬಗ್ಗಿ ನೋಡಿದರು. ಇದ್ದಕ್ಕಿದ್ದಂತೆ ಮುಖ ಅರಳಿತು. "ಅರೆ, ಪ್ಲಾಂಟಾರಿಸ್! ಇದಕ್ಕೆ ಬಣ್ಣ ಗಿಣ್ಣ ಏನೂ ಇಲ್ಲ, ಹಾಗೇ ಬಿಡಬೇಕು. ಇದನ್ನ ಬೇರೇನೋ ಅಂದು ನಮ್ಮ ಮೇಷ್ಟ್ರ ಹತ್ರ ಕಿವಿ ಹಿಂಡಿಸ್ಕೊಂಡಿದ್ದೆ. ಇವತ್ತಿಗೂ ಮರೆತಿಲ್ಲ ನೋಡಿ!" ಕಣ್ಣಿನ ಡಾಕ್ಟರಿಗೆ ಕಾಲು ನೆನಪಿದೆ ಎಂದು ಅವರಿಗೇ ಹೆಮ್ಮೆಯಾಗಿ, ಕಿವಿ ಮುಟ್ಟಿ ನೋಡಿಕೊಂಡರು.

"ಗುಬ್ಬಿ, ಬಾರೇ."

ಅವಳು ಮಣೆ ಎಳೆದುಕೊಂಡು ಹತ್ತಿದಳು. ಡಬ್ಬಿಗಳ ಕಡೆ ತಿರುಗಿಯೂ ನೋಡಲಿಲ್ಲ. ಚಿಮುಟದಿಂದ ಆ ಬಿಳಿ ದಾರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅದರಡಿಯ ಪೊರೆಯನ್ನು ಎರಡೇ ಎಳೆತಕ್ಕೆ ಬಿಡಿಸಿದಳು. ಒಳಗೆ ಅಡಗಿದ್ದ ದೊಡ್ಡ ನರ ಹೊರಗೆ ಬಂತು.

"ದಾರ ಹಾಗೇ ಬಿಡ್ತೀನಿ ಮೇಡಂ. ಹಳದಿ ಇದಕ್ಕೆ, ಕೆಳಗಿರೋದಕ್ಕೆ," ಎಂದಳು. ಬೇಡಿ ಒಂದು ಮೊಳ ದೂರದಲ್ಲಿ ಬಿದ್ದಿತ್ತು. ಆದರೂ ಕೈ ಒಂಚೂರು ನಡುಗಲಿಲ್ಲ.

ನನ್ನ ಕಣ್ಣು ತುಂಬಿ ಬಂತು. "ನೋಡಿದ್ರಾ ಸರ್? ಇದು ನನ್ನ ಶಿಷ್ಯೆ. ಕುತ್ತಿಗೆಗೆ ಹಗ್ಗ ಬಿಗಿದ್ರೂ ಸರಿಯಾಗೇ ಹೇಳೋಳು." ಪ್ರಾಂಶುಪಾಲರು ತಲೆಯಾಡಿಸಿದರು. ಅವಳು ಮಾಡಿದ ತಪ್ಪಲ್ಲ ಇದು ಎಂದು ಅವರಿಗೂ ಅನ್ನಿಸತೊಡಗಿತ್ತು.

ಅಷ್ಟಕ್ಕೆ ನಾನು ನಿಲ್ಲಿಸಬಹುದಿತ್ತು. ಆದರೆ ಗೆದ್ದ ಖುಷಿ ತಲೆಗೇರಿತ್ತು. ತಮ್ಮ ಕೈಕಟ್ಟಿ ಬಾಗಿಲ ಬಳಿ ನಿಂತಿದ್ದ. ಅವನ ಕಾಲೆಳೆಯದೆ ನನಗೆ ಯಾವ ಖುಷಿಯೂ ಪೂರ್ತಿಯಾಗುವುದಿಲ್ಲ.

"ನೀನೂ ಬಾರೋ ಇನ್‌ಸ್ಪೆಕ್ಟ್ರೇ. ಒಂದು ವರ್ಷ ಓದಿದ್ದೆಲ್ಲ ಮರೆತು ನುಂಗಿಬಿಟ್ಯಾ?"

"ನಂಗ್ಯಾಕೆ ಮೇಡಂ ಇದೆಲ್ಲ? ಬಿಡಿ."

"ಬರಲ್ಲ ಅಂತ ಒಪ್ಕೋ, ಬಿಡ್ತೀನಿ."

ಅದು ಅವನಿಗೆ ತಾಗಿತು. ಚಿಕ್ಕಂದಿನಿಂದಲೂ ಬರುವುದಿಲ್ಲ ಅಂದರೆ ಅವನು ಸುಮ್ಮನಿರುವವನಲ್ಲ. ಹೆಮ್ಮೆ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಹಂಚಿದ್ದಲ್ಲ. ಒಂದು ವರ್ಷದಲ್ಲಿ ಓದು ಬಿಟ್ಟವನಾದರೂ ನನ್ನ ರೆಕಾರ್ಡ್ ಪುಸ್ತಕದ ಚಿತ್ರಗಳನ್ನೆಲ್ಲ ಬರೆದುಕೊಟ್ಟವನು ಅವನೇ. ಅವನ ಕೈಗೂ ಕುಂಚಕ್ಕೂ ಅಂಥ ಸ್ನೇಹ. ಅದು ಅಪ್ಪನಿಂದ ಬಂದದ್ದು. ಅಪ್ಪ ಏಣಿ ಹತ್ತಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಒಂದು ದಿನ ಮನೆ ಬಿಟ್ಟು ಹೋದವರು ಮತ್ತೆ ಬರಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ತಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟ. ತೋಳು ಮಡಚಿದ. ಬಗ್ಗಿ ಕಾಲನ್ನು ನೋಡಿದ. ಗುಬ್ಬಿ ದಾರವನ್ನು ಮತ್ತೆ ಅದರ ಜಾಗಕ್ಕೇ ತಂದು ಮಲಗಿಸಿದ್ದಳು. ಬಾಗಿಲ ಬಳಿ ನಿಂತವನಿಗೆ ಅವಳು ಏನು ಮಾಡಿದಳೆಂದು ಕಂಡಿರಲಿಲ್ಲ, ಪ್ರಾಂಶುಪಾಲರ ಮಾತಿನ ಕಡೆ ಅವನ ಗಮನವೂ ಇರಲಿಲ್ಲ. ಆಗೆಲ್ಲ ಅವನ ಕಣ್ಣು ಇದ್ದದ್ದು ಬೇಡಿಯ ಮೇಲೆ.

ಡಬ್ಬಿಯಲ್ಲಿ ಕುಂಚ ಅದ್ದಿದ. ಅಂಚಿಗೆ ಒತ್ತಿ ಹೆಚ್ಚಿನದನ್ನು ಇಳಿಸಿದ. ಮಂಡಿಯ ಹಿಂದಿನಿಂದ ಹಿಮ್ಮಡಿಯವರೆಗೆ, ಉಸಿರು ಬಿಗಿ ಹಿಡಿದು, ಆ ಬಿಳಿ ದಾರದ ಮೇಲೆ ಒಂದೇ ಗೆರೆ ಎಳೆದ. ಎಲ್ಲೂ ನಡುಗದ, ಎಲ್ಲೂ ಒಡೆಯದ ಗೆರೆ.

ಹಳದಿ.

"ನರ," ಎಂದು ತಲೆ ಎತ್ತಿ ನಕ್ಕ. "ಸರಿ ತಾನೇ ಮೇಡಂ?"

 ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಾಂಶುಪಾಲರು ಒಮ್ಮೆ ಆ ಹಳದಿ ಗೆರೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. ಏನೋ ಹೊಳೆದವರಂತೆ ಮ್ಯೂಸಿಯಂ ಕೋಣೆಗೆ ನಡೆದರು. ನನ್ನ ಬಿಳಿ ಕೋಟು ಜಾಡಿಯಿಂದ ಜಾರಿದ ಸದ್ದು ಇಲ್ಲಿಗೆ ಕೇಳಿಸಿತು.

"ಮೇಡಂ," ಎಂದು ಅಲ್ಲಿಂದಲೇ ಕರೆದರು. ಅವರ ದನಿ ಇಳಿದಿತ್ತು. "ಇಲ್ಲೂ ಹಾಗೇ ಇದೆ."

 ಅಡುಗೆಮನೆಯ ಮೊಳೆ ಕಣ್ಣ ಮುಂದೆ ಬಂತು. ಹೋದ ವಾರ ಊಟವಾದ ಮೇಲೆ ಕೈ ತೊಳೆಯಲು ಒಳಗೆ ಹೋದವನು ಬಹಳ ಹೊತ್ತು ಬಂದಿರಲಿಲ್ಲ. ನೀರು ಬರುತ್ತಿಲ್ಲವೇನೋ ಎಂದು ನಾನೇ ಕೂಗಿ ಕೇಳಿದ್ದೆ. ಬೀಗದಕೈಯ ಅಚ್ಚು ತೆಗೆಯಲು ಅಷ್ಟು ಹೊತ್ತು ಸಾಕು. ದರ್ಜಿ ಹೆಂಗಸು ಅಪ್ಪನ ಫೋಟೋ ಠಾಣೆಗೆ ಕೊಟ್ಟಿದ್ದಾಳಂತೆ, ನನಗೂ ತೋರಿಸೋ ಎಂದು ಅವತ್ತು ಎಷ್ಟು ಕೇಳಿದರೂ ಅವನು ಮಾತು ಹಾರಿಸಿದ್ದ. ಇವತ್ತು ಬೆಳಿಗ್ಗೆಯಿಂದ ಗುಬ್ಬಿಯನ್ನು ಹಿಡಿಯದೆ ದಿನ ತಳ್ಳಲು ಒದ್ದಾಡಿದವನೂ ಅವನೇ.

ಇವನನ್ನು ಎತ್ತಿ ಆಡಿಸಿದವಳು ನಾನು. ಇವನ ಯೂನಿಫಾರ್ಮ್ ನೋಡಿ ಬೀದಿಯವರ ಮುಂದೆಲ್ಲ ಮೆರೆದವಳು ನಾನು. ಇನ್ನೊಂದು ಕಡೆ ನನ್ನ ಹುಡುಗಿ, ಮಣೆಯ ಮೇಲೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲರೆದುರು ಮಾತು ಕೊಟ್ಟವಳೂ ನಾನೇ.  

"ಅದು ನರ ಅಲ್ಲ ಕಣೋ," ಎಂದೆ. "ಜಾಡಿಯಲ್ಲಿದ್ದ ತಪ್ಪು ಅದೇ."

ಅವನ ನಗು ನಿಂತಿತು. ಕೈಯಲ್ಲಿದ್ದ ಕುಂಚವನ್ನೂ ಕಾಲನ್ನೂ ನೋಡಿಕೊಂಡ. ಆಮೇಲೆ ಕುಂಚವನ್ನು ಡಬ್ಬಿಯ ಮೇಲೆ ಅಡ್ಡಲಾಗಿ, ಜೋಪಾನವಾಗಿ ಇಟ್ಟ.

ನಾನು ಬೇಡಿ ಎತ್ತಿಕೊಂಡೆ. "ಕೈ ಚಾಚು."

"ಮೇಡಂ, ಬೇಡ," ಎಂದಳು ಗುಬ್ಬಿ.

"ನೀನು ಸುಮ್ನಿರೇ. ಇವನು ಬೇರೆ ಅಲ್ಲ, ನೀನು ಬೇರೆ ಅಲ್ಲ ನಂಗೆ. ಕೈ ಚಾಚೋ ತಮ್ಮಾ. ನಮ್ಮನೆಯಲ್ಲಿ ಮಾತು ಕೊಟ್ಟ ಮೇಲೆ ತಪ್ಪಿದವರಿಲ್ಲ."

ಅವನು ಎರಡೂ ಕೈ ಚಾಚಿದ. ಒಂದು ಚೂರೂ ಹಿಂಜರಿಯಲಿಲ್ಲ. ಆ ಹೊತ್ತಿನಲ್ಲೂ ಅವನ ಮೇಲೆ ನನಗೆ ಹೆಮ್ಮೆಯೇ ಆಯಿತು, ಏನು ಮಾಡಲಿ.

"ಆ ಹುಡುಗಿಗೆ ಏನೂ ಆಗೋಕೆ ಬಿಡ್ತಿರ್ಲಿಲ್ಲ," ಎಂದ. "ಎಲ್ಲಾ ತಣ್ಣಗಾಗೋವರೆಗೂ ಎಳೆದಾಡಿ ಕೇಸು ಮುಚ್ಚಿಬಿಡೋಣ ಅಂದ್ಕೊಂಡಿದ್ದೆ. ಬೇಡಿ ಹಾಕು, ಹಾಕಿಸ್ಕೋತೀನಿ. ಆದ್ರೆ ಒಂದು ಮಾತು ಅಕ್ಕ."

ಯೂನಿಫಾರ್ಮ್ ಮೈಮೇಲೆ ಇರುವಾಗಲೇ ಅಕ್ಕ ಎಂದಿದ್ದ. ನನ್ನ ಕೈ ಅರ್ಧಕ್ಕೇ ನಿಂತಿತು.

"ವಾಸನೆಗೆ ಹೆದರಿ ನಾನು ಓದು ಬಿಡ್ಲಿಲ್ಲ. ಅಪ್ಪ ಹೋದ್ಮೇಲೆ ನಿನ್ನ ಓದು ನಿಲ್ಬಾರ್ದು ಅಂತ ಬಿಟ್ಟೆ. ಆ ಓದಿನಲ್ಲಿ ನೀನು ಮೊದಲು ಹೆಸರು ಮಾಡಿದ್ದು ಆ ಕಾಲಿನಿಂದ. ಅದು ಯಾರ ಕಾಲು ಅಂತ ನಿಂಗೆ ಗೊತ್ತಾಗ್ಬಾರ್ದು ಅಂತಲೇ ಕದ್ದೆ."

ಅವನು ಎದೆಯ ಜೇಬಿನಿಂದ ಹಳೆಯ ಫೋಟೋ ಒಂದನ್ನು ತೆಗೆದ. ದರ್ಜಿ ಹೆಂಗಸು ಠಾಣೆಗೆ ಕೊಟ್ಟಿದ್ದ ಅವಳಪ್ಪನ ಫೋಟೋ. ಮೇಜಿನ ಮೇಲೆ, ಹಳದಿ ಗೆರೆಯ ಆ ಕಾಲಿನ ಪಕ್ಕದಲ್ಲಿ, ಬೋರಲಾಗಿ ಇಟ್ಟ.

"ಮೊದಲು ಕೂತ್ಕೋ ಅಕ್ಕ. ಆಮೇಲೆ ತಿರುಗ್ಸಿ ನೋಡು."

ನಾನು ಕೂರಲಿಲ್ಲ. ನಿಂತುಕೊಂಡೇ ಆ ಫೋಟೋಗೆ ಕೈ ಹಾಕಿದೆ.